ಚುಕ್ಕಿಬಾಯಿಯೂ ಯಂತ್ರ ನುಂಗಿದ ಸಾಲೂ

ಬಹಳ ಹಿಂದಿನ ಮಾತು. ಗಾಳಿಯನ್ನು ಅಳೆಯಲು ಮನುಷ್ಯ ಕಲಿತಿದ್ದ, ಗಾಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ, ಅಂಥ ಕಾಲ. ಹೊಳೆ ಹೋಗಿ ಕಡಲಿಗೆ ಬೀಳುವಲ್ಲಿ ಬೆಳಗಲಕೋಡಿ ಅಂತ ಒಂದು ಊರಿತ್ತು. ಊರ ಗುಡ್ಡದ ಮೇಲೊಂದು ಕಟ್ಟಡ. ಬಾಗಿಲ ಬೋರ್ಡಿನಲ್ಲಿ ಅದಕ್ಕೆ ಏನೋ ಉದ್ದದ ಹೆಸರಿತ್ತು. ಊರವರು ಗಾಳಿಮನೆ ಅಂತಿದ್ದರು.

ಗಾಳಿಮನೆಯೊಳಗೆ ಒಂದು ಗಾಜಿನ ಕೋಣೆ, ಆ ಕೋಣೆಯೊಳಗೆ ಕಂಪ್ಯೂಟರು. ಗುಡಿಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡಬೇಕು. ಯಾವ ದೋಣಿ ಕಡಲಿಗೆ ಇಳಿಯಿತು, ಯಾವುದು ತಿರುಗಿ ಬಂತು, ಎಲ್ಲ ಅದರ ನೆನಪಿನಲ್ಲಿ. ಒಂದೊಂದು ದೋಣಿಗೆ ಯಂತ್ರದ ಹೊಟ್ಟೆಯೊಳಗೆ ಒಂದೊಂದು ಗೂಡು. ಗಾಳಿ ಎದ್ದಾಗ ಕಡಲಲ್ಲಿರುವ ದೋಣಿಗಳ ಹೆಸರನ್ನೆಲ್ಲ ಅದು ಪರದೆಯ ಮೇಲೆ ತೋರಿಸುವುದು. ಪಾಳಿಯಲ್ಲಿದ್ದವನು ಹೆಸರು ಹಿಡಿದು ರೇಡಿಯೋದಲ್ಲಿ ಕೂಗುವುದು. ಕರೆ ಕೇಳಿದ ದೋಣಿಯವರು ಓಗೊಟ್ಟು ದಡದ ಕಡೆ ತಿರುಗುವುದು. ಹೀಗೆ ನಡೆದಿತ್ತು.

ಆ ಗಾಳಿಮನೆಯಲ್ಲಿ ದೇವಕಿಬಾಯಿ ಹರಿಕಂತ್ರ ಅಂತ ಒಬ್ಬಳಿದ್ದಳು. ಚುಕ್ಕಿಬಾಯಿ ಅಂದರೆ ಅವಳೇ. ಮೀನುಗಾರರ ಮನೆಯ ಮಗಳು, ಆದರೆ ಕೈ ಪಳಗಿದ್ದು ಅಚ್ಚುಕೂಟದಲ್ಲಿ. ಸೀಸದ ಅಕ್ಷರ ಒಂದೊಂದಾಗಿ ಹೆಕ್ಕಿ ಮೊಳೆ ಜೋಡಿಸುವ ಕೆಲಸ. ಅಚ್ಚುಕೂಟ ಮುಚ್ಚಿದ ಮೇಲೆ ಗಾಳಿಮನೆಯವರು ಅವಳನ್ನು ಮ್ಯಾನ್ ಪುಟ ನೋಡಿಕೊಳ್ಳಲಿಕ್ಕೆ ಕರೆದರು.

ಮ್ಯಾನ್ ಪುಟ ಅಂದರೆ ಏನು ಅಂತೀರೋ? ಆ ಕಂಪ್ಯೂಟರು ನಡೆಯುತ್ತಿದ್ದದ್ದು ಯೂನಿಕ್ಸ್ ಅನ್ನುವ ಏರ್ಪಾಡಿನ ಮೇಲೆ. ಅದರೊಳಗೆ ನೂರೆಂಟು ಕೆಲಸಕ್ಕೆ ನೂರೆಂಟು ಆಜ್ಞೆ. ಯಾವ ಆಜ್ಞೆ ಏನು ಮಾಡುತ್ತದೆ, ಹೇಗೆ ಕೊಡಬೇಕು, ಯಾವಾಗ ಕೊಡಬಾರದು, ಇದನ್ನು ಹೇಳುವ ಪುಟವೇ ಮ್ಯಾನ್ ಪುಟ. ಆದರೆ ಓದುವವರು ಕಾಣುವ ಪುಟ ಬೇರೆ, ಅದರ ಮೂಲ ಬೇರೆ. ಯಕ್ಷಗಾನದಾಟದಲ್ಲಿ ವೇಷ ಕಟ್ಟುವ ಚೌಕಿಗೂ ಕುಣಿಯುವ ರಂಗಸ್ಥಳಕ್ಕೂ ಇರುವಷ್ಟೇ ಅಂತರ. ಮೂಲದಲ್ಲಿ ಸಾಲಿನ ತಲೆಗೆ ಒಂದು ಚುಕ್ಕಿ ಇಟ್ಟು ಬರೆದರೆ ಅದು ಓದುವವರಿಗಲ್ಲ, ಯಂತ್ರಕ್ಕೆ ಹೇಳಿದ ಗುಟ್ಟಿನ ಮಾತು: ಇಲ್ಲಿ ತಲೆಬರಹ ಮಾಡು, ಇಲ್ಲಿ ಅಕ್ಷರ ದಪ್ಪ ಮಾಡು, ಇಲ್ಲಿ ಒಳಗೆ ಸರಿಸು. ಯಂತ್ರ ಆ ಸಾಲನ್ನು ತಾನು ಇಟ್ಟುಕೊಂಡು ಹೇಳಿದಂತೆ ಮಾಡುತ್ತದೆ, ಪುಟದಲ್ಲಿ ತೋರಿಸುವುದಿಲ್ಲ.

ಆ ಮೂಲಗಳು ಅವಳ ಕೈಗೆ ಬಂದಾಗ ಕಾಡು ಬೆಳೆದಂತಿದ್ದವಂತೆ. ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬ ತಲೆಬರಹ ದೊಡ್ಡದು ಮಾಡಿದ್ದರೆ ಇನ್ನೊಬ್ಬ ಮಾಡಿರಲಿಲ್ಲ. ಆಜ್ಞೆಯ ಮುಂದೆ ಹಾಕುವ ಸಣ್ಣ ಗೆರೆಯನ್ನು ಹಲವರು ಬರೀ ಪದ ಕೂಡಿಸುವ ಗೆರೆಯಾಗಿ ಬರೆದಿದ್ದರು. ಕಣ್ಣಿಗೆ ಎರಡೂ ಒಂದೇ, ಆದರೆ ಪುಟ ನೋಡಿ ಅದನ್ನೇ ಎತ್ತಿ ಹಾಕಿದರೆ ಯಂತ್ರ ಅರಿಯದು. ಇನ್ನು ಕೆಲವರು ದಪ್ಪ ಅಕ್ಷರ ಶುರುಮಾಡಿ ನಿಲ್ಲಿಸುವುದನ್ನೇ ಮರೆತಿದ್ದರು. ಆಗಿನ ಪ್ರಿಂಟರು ದಪ್ಪ ಅಕ್ಷರಕ್ಕೆ ಒಂದೇ ಜಾಗದಲ್ಲಿ ಎರಡೆರಡು ಸಲ ಹೊಡೆಯುತ್ತಿತ್ತು. ಅಂಗಳದಲ್ಲಿ ಊಟಕ್ಕೆ ಕೂತಿದ್ದ ದೇವಕಿಬಾಯಿ ಆ ಸದ್ದು ಕೇಳಿಯೇ, ಅಯ್ಯೋ ಯಾರೋ ದಪ್ಪ ನಿಲ್ಲಿಸಲಿಲ್ಲ ಅಂತ ಕೈ ತೊಳೆದು ಎದ್ದಳು ಅಂತ ಹೇಳುತ್ತಾರೆ. ಗುಡ್ಡದ ಕೆಳಗೆ ಮೀನು ಕೊಳ್ಳುತ್ತಿದ್ದಾಗಲೇ ಕೇಳಿಸಿತು ಅಂತಲೂ ಹೇಳುತ್ತಾರೆ. ಇರಲಿ, ಹೇಳುವವರ ಬಾಯಿಗೆ ಬೀಗ ಹಾಕುವುದು ಹೇಗೆ?

ಅವಳಿಗೆ ಒಂದು ಸ್ವಭಾವವಿತ್ತು. ತಿದ್ದುವ ಮೊದಲು ಕೇಳುವುದು. ಇದು ಯಾಕೆ ಹೀಗಿದೆ? ಇದನ್ನು ತೆಗೆದರೆ ಏನಾಗುತ್ತದೆ? ಉತ್ತರ ಸಿಕ್ಕಿದರೂ ಒಮ್ಮೆ ತೆಗೆದು ನೋಡುವಳು, ಪುಟ ಹೇಗೆ ಕುಣಿಯಿತು ಅಂತ ನೋಡಿ ನಗುವಳು, ಮತ್ತೆ ಇದ್ದಲ್ಲಿಗೇ ಇಡುವಳು. ಗಾಳಿಮನೆಗೆಂದೇ ಮಾಡಿದ ಆಜ್ಞೆಗಳಲ್ಲಿ ಹೆಚ್ಚಿನವನ್ನೂ ಅವುಗಳ ಪುಟಗಳನ್ನೂ ಬರೆದವನು ಉಪೇಂದ್ರ ಶಾನಭಾಗ ಅನ್ನುವವನು, ಒಳ್ಳೆಯ ಮನುಷ್ಯ. ಮೊದಮೊದಲು ಅವಳ ಪ್ರಶ್ನೆಗೆ ಅವನು ಬೇಸರಪಟ್ಟನಂತೆ. ಆಮೇಲೆ ಒಂದು ದಿನ ಅವಳು ಏನೂ ಕೇಳದಿದ್ದರೆ, ಬಾಯೋರಿಗೆ ಹುಷಾರಿಲ್ಲವೋ ಅಂತ ತಾನೇ ವಿಚಾರಿಸುತ್ತಿದ್ದನಂತೆ.

ಈಗ ನಡೆದ ಸಂಗತಿಗೆ ಬರೋಣ.

ಆ ಯಂತ್ರದಲ್ಲಿ ಗುಡಿಸುವ ಆಜ್ಞೆ ಅಂತ ಒಂದಿತ್ತು. ತಿರುಗಿ ಬಂದ ದೋಣಿಗಳ ಗೂಡನ್ನು ಅದು ಖಾಲಿ ಮಾಡುತ್ತಿತ್ತು. ಇನ್ನೂ ಕಡಲಲ್ಲಿರುವ ದೋಣಿಯ ಗೂಡು ಉಳಿಯಬೇಕಾದರೆ ಅದರೊಳಗೆ ಕಾವಲಿಗೆ ಒಂದು ಖಾಲಿ ಫೈಲು ಇಡಬೇಕು. ಅದರ ಹೆಸರು ಶುರುವಾಗುವುದೇ ಚುಕ್ಕಿಯಿಂದ: ಚುಕ್ಕಿ, ಅದಕ್ಕೆ ಅಂಟಿಕೊಂಡು ಕೀಪ್. ಶಾನಭಾಗ ಇದನ್ನು ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದ. ".keep ಎಂಬ ಫೈಲು ಕಡಲಲ್ಲಿರುವ ಪ್ರತಿ ದೋಣಿಯ ಗೂಡಿನಲ್ಲಿ ಇರತಕ್ಕದ್ದು. ಇದನ್ನು ಮರೆತರೆ ಆ ಗೂಡೂ ಗುಡಿಸಿಹೋಗುತ್ತದೆ." ಅವನು ಬರೆದದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟು.

ಆ ವಾರ ದೇವಕಿಬಾಯಿ ಎಲ್ಲ ಪುಟಗಳನ್ನೂ ಒಂದು ರೀತಿಗೆ ತರುತ್ತಿದ್ದಳು. ಮೂಲದಲ್ಲಿ ಪ್ರತಿಯೊಂದು ವಾಕ್ಯವೂ ಹೊಸ ಸಾಲಿನಿಂದ ಶುರುವಾಗಬೇಕು ಅನ್ನುವುದು ಆ ಕಸುಬಿನ ನಿಯಮ. ಮುಂದೆ ಯಾರಾದರೂ ತಿದ್ದುವಾಗ ಒಂದು ವಾಕ್ಯ ಮುಟ್ಟಿದರೆ ಇನ್ನೊಂದು ಅಲುಗದಿರಲಿ ಅಂತ. ಓದುವವರಿಗೆ ಏನೂ ವ್ಯತ್ಯಾಸ ಕಾಣದು, ಯಂತ್ರ ಮತ್ತೆ ಎಲ್ಲ ಕೂಡಿಸಿಯೇ ತೋರಿಸುತ್ತದೆ. ಅವಳು ನೀಟಾಗಿ ಎಲ್ಲ ವಾಕ್ಯಗಳನ್ನೂ ಹೊಸ ಸಾಲಿಗೆ ತಂದಳು. ಗುಡಿಸುವ ಆಜ್ಞೆಯ ಪುಟದಲ್ಲೂ ತಂದಳು.

ಮಧ್ಯಾಹ್ನದ ಹೊತ್ತಿಗೆ ಹೊಸ ಪುಟಗಳು ಪ್ರಿಂಟಾಗಿ ಬಂದವು. ಅವಳು ಕಿಟಕಿಯ ಹತ್ತಿರ ಕೂತು ಓದುತ್ತಿದ್ದಳು. ಒಂದು ಕಡೆ ತಡೆದಳು. ಮತ್ತೆ ಓದಿದಳು. ಎದ್ದು ಶಾನಭಾಗನ ಮೇಜಿಗೆ ಬಂದಳು.

"ಶಾನಭಾಗ್ರೇ, ಇಲ್ಲಿ 'ಇದನ್ನು ಮರೆತರೆ' ಅಂತ ಬರ್ದೀರಿ. ಇದನ್ನು ಅಂದ್ರೆ ಯಾವುದನ್ನು?"

ಶಾನಭಾಗ ತಲೆ ಎತ್ತದೆ, ಮೇಲಿನ ವಾಕ್ಯದಲ್ಲಿ ಇದೆಯಲ್ಲ ಅಂದ.

"ಮೇಲಿನ ವಾಕ್ಯದಲ್ಲಿ ಗೂಡು ಗುಡಿಸ್ತದೆ ಅಂತ ಮಾತ್ರ ಇದೆ. ಮರೆಯೂದಕ್ಕೆ ಅಲ್ಲಿ ಎಂಥದೂ ಇಲ್ಲ ಮಾರಾಯ್ರೇ."

ಆಗ ಅವನು ತಲೆ ಎತ್ತಿದ. ಕಾಗದ ಕೈಗೆ ತೆಗೆದುಕೊಂಡ. ಇಬ್ಬರೂ ಗಾಜಿನ ಕೋಣೆಗೆ ಹೋಗಿ ಮೂಲ ತೆರೆದರು. ಸಾಲು ಇತ್ತು! ಒಂದಕ್ಷರವೂ ಅಳಿಸಿರಲಿಲ್ಲ. ಆದರೆ ಹೊಸ ಸಾಲಿಗೆ ಬಂದ ಆ ವಾಕ್ಯದ ತಲೆಗೇ ಫೈಲಿನ ಹೆಸರು, ಹೆಸರಿನ ತಲೆಗೇ ಚುಕ್ಕಿ. ಯಂತ್ರ ಅದು ತನಗೇ ಹೇಳಿದ ಮಾತು ಅಂದುಕೊಂಡಿತು. ಆ ಮಾತು ಅದಕ್ಕೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅಂತ ಹೇಳಲೂ ಇಲ್ಲ. ಇಡೀ ಸಾಲನ್ನು ಸದ್ದಿಲ್ಲದೆ ನುಂಗಿ ಕೂತಿತ್ತು.

ದೇವಕಿಬಾಯಿಗೆ ಮೊದಲು ಆಶ್ಚರ್ಯವೇ ಆಯಿತಂತೆ. ಒಂದು ಚುಕ್ಕಿ ಇಷ್ಟುದ್ದದ ಸಾಲನ್ನು ತಿನ್ನುತ್ತದೆಯೇ ಅಂತ ಬಗ್ಗಿ ನೋಡಿದಳಂತೆ. ಅಷ್ಟರಲ್ಲಿ ಆ ಕೋಣೆಯಲ್ಲೇ ಪಾಳಿಗೆ ಕೂತಿದ್ದ ತುಳಸು ಗೌಡ, ಆ ವಾರವಷ್ಟೇ ಕೆಲಸಕ್ಕೆ ಸೇರಿದವನು, ಕುರ್ಚಿ ತಿರುಗಿಸಿದ.

"ಶಾನಭಾಗ್ರೇ, ಗಾಳಿ ಎದ್ದದೆ. ಹೆಸರು ಕೂಗ್ವ ಅಂದ್ರೆ ಪರದೆ ಮೇಲೆ ಒಂದೂ ಹೆಸರಿಲ್ಲ."

"ಗುಡಿಸಿದ್ರಾ?" ಅಂತ ಶಾನಭಾಗ ಕೇಳಿದ.

"ಆಗಲೇ ಗುಡಿಸ್ದೆ. ಹೊಸ ಪುಟ ನೋಡ್ಕಂಡೇ ಮಾಡಿದ್ದು. ಅದ್ರಲ್ಲಿ ಹೇಳಿದ್ದೆಲ್ಲ ಮಾಡಿದ್ದೇನೆ."

ಅವನು ಹೇಳಿದ್ದು ನಿಜವೇ. ಪುಟದಲ್ಲಿ ಕಂಡದ್ದೆಲ್ಲ ಮಾಡಿದ್ದ. ಹಳಬರಾದರೆ ಪುಟ ನೋಡದೆಯೇ ಕಾವಲು ಫೈಲು ಇಟ್ಟಿರುತ್ತಿದ್ದರು, ಅವನು ಹೊಸಬ. ಬೆಳಿಗ್ಗೆ ಕಡಲಿಗೆ ಹೋದ ಅಷ್ಟೂ ದೋಣಿಗಳ ಗೂಡು ಬರಿದಾಗಿತ್ತು. ಯಂತ್ರದ ನೆನಪಿನ ನಕಲನ್ನು ಟೇಪಿಗೆ ತೆಗೆದಿಡುವುದು ವಾರಕ್ಕೊಮ್ಮೆ. ಇವತ್ತಿನ ದೋಣಿ ಅದರಲ್ಲಿಲ್ಲ. ಕಿಟಕಿಯಾಚೆ ಕಡಲು ಬಣ್ಣ ಬದಲಿಸುತ್ತಿತ್ತು. ಎಲ್ಲರೂ ಬನ್ನಿ ಅಂತ ರೇಡಿಯೋದಲ್ಲಿ ಕೂಗಬಹುದು. ಆದರೆ ಯಾರಿಗೆ ಕೇಳಿಸಿತು, ಯಾರಿಗೆ ಕೇಳಿಸಲಿಲ್ಲ ಅನ್ನುವುದು ಹೆಸರಿಲ್ಲದೆ ತಿಳಿಯುವುದು ಹೇಗೆ?

ದೇವಕಿಬಾಯಿ ಮೂಲದ ಆ ಸಾಲಿನ ಮೇಲೆ ಬೆರಳಿಟ್ಟಳು. "ಸಾಲು ಮುರಿದವಳು ನಾನು," ಅಂದಳು. "ನನ್ನ ಅಣ್ಣನ ದೋಣಿಯೂ ಅದರಲ್ಲೇ ಇತ್ತು."

ಶಾನಭಾಗ ಅಂದನಂತೆ: "ಚುಕ್ಕಿ ಇಟ್ಟು ಹೆಸರು ಮಾಡಿದವ ನಾನು, ಸಾಲು ಮುರಿದವರು ನೀವು, ಗುಡಿಸಿದವ ತುಳಸು. ಅದನ್ನು ನಾಳೆ ಹಂಚಿಕೊಳ್ಳುವ. ಈಗ ಹೆಸರು ಬೇಕು, ಬಾಯೋರೇ."

ಹೆಸರು ಎಲ್ಲಿದೆ? ಅವಳು ಕಿಟಕಿಯಿಂದ ದಡದ ಕಡೆ ನೋಡಿದಳು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಗುಡ್ಡ ಇಳಿದಳು.

ದಡದಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ದೋಣಿ ಕಾಯುತ್ತಿದ್ದರು. ಅವರಲ್ಲಿ ಹಿರಿಯಳು ಬೀರಜ್ಜಿ. ಪಕ್ಕದಲ್ಲೇ ಮೀನಿಗೆ ಹಾಕುವ ಬರ್ಫ ಮಾರುತ್ತಿದ್ದ ಬಸ್ತ್ಯಾಂವನ ಬರ್ಫದ ಮನೆ, ಅಲ್ಲಿ ಟೆಲಿಫೋನು. ದೇವಕಿಬಾಯಿ ರಿಸೀವರು ಕಿವಿಗೆ ಹಿಡಿದು ಬಾಗಿಲಲ್ಲೇ ನಿಂತು ಕೂಗಿದಳು.

"ಬೀರಜ್ಜೀ, ಯಂತ್ರ ಹೆಸರು ಮರ್ತದೆ. ಇವತ್ತು ಯಾರ್ಯಾರು ಹೋಗಿದ್ದಾರೆ, ಒಂದೊಂದಾಗಿ ಹೇಳಿ!"

ಮರೆಯುವುದು ಹೇಗೆ ಸಾಧ್ಯ ಅಂತ ಯಾರೂ ಕೇಳಲಿಲ್ಲ. ಬೀರಜ್ಜಿ ಮರಳಿನ ಮೇಲೆ ಎದ್ದು ನಿಂತು ತನ್ನ ಮಗನ ದೋಣಿಯಿಂದ ಶುರು ಮಾಡಿದಳು. ಜಲದೇವಿ. ಅವಳ ಪಕ್ಕದವಳು ಮಹಾಸತಿ ಅಂದಳು. ಮತ್ತೊಬ್ಬಳು ಸಂತ ಅಂತೋನಿ, ಇನ್ನೊಬ್ಬಳು ಅಲ್ ಮದೀನಾ. ಗಂಡನ ದೋಣಿ, ಮೈದುನನ ದೋಣಿ, ಮಾತು ಬಿಟ್ಟ ಪಕ್ಕದ ಮನೆಯವನ ದೋಣಿ. ಬಾಯಿಂದ ಬಾಯಿಗೆ ಹೆಸರು ಬಂತು, ದೇವಕಿಬಾಯಿಯ ಬಾಯಿಂದ ತಂತಿಗೆ ಹೋಯಿತು, ಮೇಲೆ ಶಾನಭಾಗ ಬರೆದುಕೊಂಡ, ತುಳಸು ಕೂಗಿದ. ಕೂಗಿದ ಹೆಸರಿಗೆ ಕಡಲಿಂದ ಓ ಅನ್ನುವ ದನಿ ಬರುತ್ತಿತ್ತು. ಬಾರದ ಹೆಸರನ್ನು ಅವನು ಮತ್ತೆ ಮತ್ತೆ ಕೂಗಿದ.

ಹೆಂಗಸರ ಹೆಸರು ಮುಗಿಯಿತು. ಮುಗಿಯಿತು ಅಂದಾಗ ದೇವಕಿಬಾಯಿಗೆ ಮತ್ತೆ ಅದೇ ಅನುಮಾನ. ಕಾಣುವುದೆಲ್ಲ ಸರಿಯಾಗಿದೆ, ಕಾಣದ್ದು ಯಾವುದು? ಸುತ್ತ ನೋಡಿದಳು. ಇಲ್ಲಿ ಯಾವ ಹೆಂಗಸೂ ಕಾಯದ ದೋಣಿ ಒಂದಿದ್ದರೆ?

"ಬಸ್ತ್ಯಾಂವಣ್ಣ, ಬೆಳಿಗ್ಗೆ ಹೊರ ಊರಿನವರು ಯಾರಾದ್ರೂ ಬರ್ಫ ತಕಂಡ್ರಾ?"

ಬಸ್ತ್ಯಾಂವ ಹಣೆ ಬಡಿದುಕೊಂಡ. ತೆಂಕಲಿನ ಒಂದು ದೋಣಿ ಬಂದಿತ್ತು, ಕಡಲಕುವರಿ ಅಂತ. ಬರ್ಫ ತುಂಬಿಕೊಂಡು, ಗಾಳಿಮನೆಗೆ ಹೆಸರು ಕೊಟ್ಟು ಹೋಗಿದ್ದರು.

ಆ ಹೆಸರನ್ನೂ ಕೂಗಿದರು. ಬಹಳ ಹೊತ್ತಿನ ಮೇಲೆ ಅದೂ ಓಗೊಟ್ಟಿತು.

ಹೊತ್ತು ಮುಳುಗುವ ಮೊದಲು ದೋಣಿಗಳು ಬಂದವು. ಕಡಲಕುವರಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮರಳಿಗೆ ಬಡಿದು ಒಡೆಯಿತು. ಊರವರು ಹಗ್ಗ ಎಸೆದು ಅದರಲ್ಲಿದ್ದವರನ್ನೆಲ್ಲ ಎಳೆದುಕೊಂಡರು. ದೇವಕಿಬಾಯಿಯ ಅಣ್ಣ ಕಡೆಗೆ ಬಂದವರಲ್ಲಿ ಒಬ್ಬ. ಅವಳು ಅವನ ಒದ್ದೆ ಅಂಗಿಯ ತೋಳು ಹಿಡಿದುಕೊಂಡು ಮನೆಯವರೆಗೂ ನಡೆದಳಂತೆ. ಚುಕ್ಕಿಬಾಯಿ ಕಡಲ ಮೇಲೆ ನಿಂತು ಹೆಸರು ಕರೆದಳು, ದೋಣಿಗಳು ದನಗಳ ಹಾಗೆ ಹಿಂದೆ ಬಂದವು ಅಂತ ಈಗ ಹೇಳುವವರಿದ್ದಾರೆ. ಕಡಲ ಮೇಲೆ ಅವಳು ನಿಲ್ಲಲಿಲ್ಲ. ಬರ್ಫದ ಮನೆಯ ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಅವಳು ಶಾನಭಾಗನನ್ನು ಕೇಳಿದಳು, ಚುಕ್ಕಿ ಸಾಲಿನ ತಲೆಗೂ ಇರಬೇಕು, ಸಾಲೂ ಕಾಣಬೇಕು, ಅದಕ್ಕೆ ಉಪಾಯ ಇಲ್ಲವೇ? ಅವನು ತೋರಿಸಿದ. ಆ ಬರವಣಿಗೆಯಲ್ಲಿ ಒಂದು ಜೋಡಿ ಗುರುತು ಇದೆ. ಅದನ್ನು ಚುಕ್ಕಿಯ ಮುಂದೆ ಇಟ್ಟರೆ ಅದು ತಾನು ಕಾಣುವುದಿಲ್ಲ, ಕೂದಲೆಳೆಯ ಜಾಗವನ್ನೂ ಹಿಡಿಯುವುದಿಲ್ಲ. ಅದು ಮುಂದೆ ನಿಂತಿರುವುದರಿಂದ ಚುಕ್ಕಿ ಸಾಲಿನ ತಲೆಯಲ್ಲ, ಅಷ್ಟೇ. ಯಂತ್ರ ಸಾಲನ್ನು ಮುಟ್ಟುವುದಿಲ್ಲ. ಅವಳಿಗೆ ಬಹಳ ಖುಷಿಯಾಯಿತಂತೆ. ಇಟ್ಟು ನೋಡಿದಳು, ತೆಗೆದು ನೋಡಿದಳು, ಮತ್ತೆ ಇಟ್ಟಳು.

ಅಂದಿನಿಂದ ಅವಳು ಗಾಳಿಮನೆಯ ಪುಟಗಳನ್ನೆಲ್ಲ ಎರಡೆರಡು ಸಲ ಓದಿದಳು, ಒಮ್ಮೆ ಮೂಲವನ್ನು, ಒಮ್ಮೆ ಕಾಣುವುದನ್ನು. ನುಂಗಿಹೋದ ಸಾಲು ಇನ್ನೂ ಎಷ್ಟೋ ಸಿಕ್ಕವು. ಒಂದು ಪುಟದಲ್ಲಿ, ಯಾವ ಕಾಲದಲ್ಲೋ ಯಾರೋ ಬರೆದು ಯಾರೂ ಓದದ ಸಾಲು ಸಿಕ್ಕಿತಂತೆ: ಈ ಆಜ್ಞೆ ಸರಿಯಾಗಿ ಕೆಲಸ ಮಾಡುವುದಿಲ್ಲ, ದಯವಿಟ್ಟು ಬಳಸಬೇಡಿ. ಬಳಸುತ್ತಲೇ ಇದ್ದರು! ದೂರದ ಊರಿನವರೂ ಅವಳಿಗೆ ಪುಟ ಕಳಿಸತೊಡಗಿದರು. ಜನ ಅವಳನ್ನು ಚುಕ್ಕಿಬಾಯಿ ಅಂದದ್ದು ಆಗಲೇ. ಅವಳು ಮುದುಕಿಯಾಗಿ, ಕಣ್ಣು ಮಂಜಾದ ಮೇಲೂ, ಯಾರಾದರೂ ಓದಿ ಹೇಳಿದರೆ ಕೇಳಿಯೇ ತಪ್ಪು ಹಿಡಿಯುತ್ತಿದ್ದಳು ಅಂತ ಹೇಳುತ್ತಾರೆ.

ಅವಳು ಹೋಗಿ ಕಾಲವಾಯಿತು. ಆ ಕಂಪ್ಯೂಟರೂ ಹೋಯಿತು, ಬೇರೆ ಬಂತು. ಆದರೆ ಬೆಳಗಲಕೋಡಿಯಲ್ಲಿ ಇವತ್ತಿಗೂ ಒಂದು ಪದ್ಧತಿ ಇದೆ. ಗಾಳಿಮನೆಯಲ್ಲಿ ಯಾವುದಾದರೂ ಪುಟ ಬರೆದರೆ, ತಿದ್ದಿದರೆ, ದಡದಿಂದ ಒಬ್ಬರನ್ನು ಕರೆಸುತ್ತಾರೆ. ಮೀನು ಮಾರುವವಳೋ, ಬಲೆ ಹೆಣೆಯುವವನೋ, ಯಾರಾದರೂ ಸರಿ. ಕೂರಿಸಿ ಚಹಾ ಕೊಟ್ಟು, ಪುಟವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ಅವರು ಕೇಳಿದ ಪ್ರಶ್ನೆಗೆಲ್ಲ ಪುಟದಲ್ಲೇ ಉತ್ತರವಿರಬೇಕು. ಇಲ್ಲದಿದ್ದರೆ ಪುಟ ಹೊರಗೆ ಹೋಗುವ ಹಾಗಿಲ್ಲ.

ಮೊನ್ನೆ ಸುಕ್ರಿ ಅನ್ನುವವಳು ಬಂದಿದ್ದಳು. ಬುಟ್ಟಿ ಬಾಗಿಲಲ್ಲಿಟ್ಟು, ಕೈ ಒರೆಸಿಕೊಂಡು ಕೂತಳು. ದೋಣಿ ತಿರುಗಿ ಬಂದ ಕೂಡಲೇ ಹೆಸರು ಅಳಿಸಬೇಕು ಅಂತ ಓದಿದರು. ಅವಳು ಚಹಾದ ಲೋಟ ಕೆಳಗಿಟ್ಟಳು.

"ಹೌದು, ಬಂತು ಅಂತ ನಿಮಗೆ ಹೇಳೂದು ಯಾರು? ದೋಣಿಯೋ, ಅದರಲ್ಲಿ ಹೋದವರೋ? ದೋಣಿ ಬಂದು, ಹೋದವರಲ್ಲಿ ಒಬ್ಬ ಬರದಿದ್ರೆ?"

ಓದುತ್ತಿದ್ದವರು ಪುಟದಲ್ಲಿ ಉತ್ತರ ಹುಡುಕಿದರು, ಇರಲಿಲ್ಲ. ಆ ಪುಟವನ್ನು ಇನ್ನೂ ತಿದ್ದುತ್ತಿದ್ದಾರೆ.