ವಾದಿಯ ಪಾದ ಮುಟ್ಟದವನ ಮಗಳು

ಬಿಲ್ಲೂರಿನ ಕಂಚುಗಾರ ಪಾಯಪ್ಪನದು ನಿನ್ನೆ ಮೊನ್ನೆ ಹೆಸರು ಮಾಡಿದ ಮನೆಯಲ್ಲ. ಅವನ ಮುತ್ತಜ್ಜನ ಕಾಲದಿಂದಲೂ ಊರಿನಲ್ಲಿ ಗಡಿಜಗಳವಾಗಲಿ, ಮದುವೆಯ ಮಾತು ಮುರಿಯಲಿ, ಎರಡು ಕಡೆಯವರೂ ಆ ಮನೆಯವರನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಅವರು ಬಸದಿಗೆ ನಡೆದುಕೊಳ್ಳುವ ಜನ. ಆಣೆ ಇಡು ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಹಾಗೆ ಕೇಳುವುದು ಮರ್ಯಾದೆಯಲ್ಲವೆಂದು ಊರಿಗೆ ಗೊತ್ತಿತ್ತು. ಅಂಥ ಮನೆಯ ಮುಂದೆ ಅರಮನೆಯ ಡಂಗುರದವನು ಬೇಕೆಂದೇ ನಿಂತು ತಮಟೆ ಬಾರಿಸಿದ.

"ಕೇಳಿರಪ್ಪೋ ಕೇಳಿ. ಕೆಂಚರಸ ಪ್ರಭುಗಳು ನ್ಯಾಯದ ಚಾವಡಿಯಲ್ಲಿ ತಮ್ಮ ಕುಲದೇವರಾದ ಖಡ್ಗೇಶ್ವರನ ಶಿಲೆ ನಿಲ್ಲಿಸಿದ್ದಾರೆ. ಅದು ಅಲ್ಲಿರಬಾರದೆಂದು ಗೊಣಗುವವರಿದ್ದರೆ ಬಂದು ಪ್ರಭುಗಳ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಶಿಲೆ ಗುಡಿಗೆ ಹೋಗುತ್ತದೆ, ಬೇಡಿದ್ದು ಸಿಗುತ್ತದೆ. ತಪ್ಪಿದರೆ ತಲೆ ಹೋಗುತ್ತದೆ."

ಒಳಗೆ ಪಾಯಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಕುಲುಮೆಯ ಹಿಂದಿನ ಹಿತ್ತಲು ಖಡ್ಗೇಶ್ವರನಿಗೆ ಸೇರಿದ್ದೆಂದು ಗುಡಿಯವರು ದೇವರ ಹೆಸರಿನಲ್ಲೇ ವ್ಯಾಜ್ಯ ಹೂಡಿದ್ದರು. ಚಾವಡಿಯಲ್ಲಿ ಶಿಲೆಯ ಪಾದ ಮುಟ್ಟಿ ಆಣೆ ಇಡಬೇಕೆಂದಾಗ ಪಾಯಪ್ಪ ಒಲ್ಲೆನೆಂದ. ತುಂಬಿದ ಸಭೆಯಲ್ಲಿ ಅರಸ ಅವನನ್ನು ಸುಳ್ಳುಗಾರ ಎಂದ. ಹಿತ್ತಲು ಹೋಯಿತು. ಆಮೇಲೆ ಅವನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ಅವನೂ ಹೊಸ್ತಿಲು ದಾಟಲಿಲ್ಲ.

ಮಗಳು ಸುನಂದೆ ಸೆರಗು ಬಿಗಿದು ಎದ್ದಳು.

"ಹಿತ್ತಲು ಹೋಗಿದ್ದು ಸಾಲದೆಂದು ತಲೆಯನ್ನೂ ಕೊಟ್ಟು ಬರುತ್ತೀಯೇನೇ?" ಎಂದಳು ತಾಯಿ ನೇಮವ್ವ.

"ಹಿತ್ತಲಿಗಾಗಿ ಹೋಗುತ್ತಿಲ್ಲವ್ವ. ಇವತ್ತು ಸೋಮವಾರ ಅಂತ ಅಪ್ಪ ಹೇಳಿದರೂ ಬೀದಿಯವರು ಇನ್ನೊಬ್ಬರನ್ನು ಕೇಳಿ ನೋಡುತ್ತಾರೆ. ಅದಕ್ಕೆ ಹೋಗುತ್ತಿದ್ದೇನೆ."

ಚಾವಡಿಯಲ್ಲಿ ಅವಳಿಗಿಂತ ಮುಂಚೆ ಇಬ್ಬರು ಬಂದು ನಿಂತಿದ್ದರು: ಒಬ್ಬರು ಶಾಸ್ತ್ರಿಗಳು, ಒಬ್ಬ ಜವಳಿ ವರ್ತಕನ ಮಗ. ಇಬ್ಬರೂ ಬಹುಮಾನಕ್ಕೆ ಬಂದವರು. ಶಿಲೆ ಎಲ್ಲಿದ್ದರೂ ಅವರಿಗೆ ಒಂದೇ. ಒಗಟುಗಳೂ ಕೆಂಚರಸನ ಸ್ವಂತದವಲ್ಲ. ನ್ಯಾಯ ಹೇಳಲು ಕೂರುವ ಮುನ್ನ ಕಲಿತಿರಲಿ ಎಂದು ಅವನ ತಂದೆ ಬಾಯಿಪಾಠ ಮಾಡಿಸಿದ್ದವು. ಉತ್ತರ ಅವನಿಗೆ ಬರುತ್ತಿತ್ತು. ಅದನ್ನು ಅಗಿದು ನೋಡಿದವನಲ್ಲ.

"ಕಾಲಿಲ್ಲ, ಚಾವಡಿಯ ಬಾಗಿಲು ದಾಟಿ ಬರುತ್ತದೆ. ಬಾಯಿಲ್ಲ, ಎಲ್ಲರೂ ಅದರ ಮಾತು ಕೇಳುತ್ತಾರೆ. ಕೈಯಿಲ್ಲ, ತಕ್ಕಡಿ ಒತ್ತುತ್ತದೆ. ಏನದು?"

ಶಾಸ್ತ್ರಿಗಳು ಶಿಲೆಗೆ ಕೈಮುಗಿದು "ದೇವರು" ಎಂದರು.

"ದೇವರು ತಕ್ಕಡಿ ಒತ್ತುತ್ತಾನೆ ಅನ್ನುತ್ತೀರಾ ಶಾಸ್ತ್ರಿಗಳೇ?" ಎಂದ ಅರಸ. ಅವರನ್ನು ಹೊರಗೆ ಕರೆದೊಯ್ದರು. ಅವರು ಮರಳಲಿಲ್ಲ.

ವರ್ತಕನ ಮಗನ ಹಲ್ಲು ಕಟಕಟ ಎನ್ನುತ್ತಿತ್ತು. ಉತ್ತರ ಅವನ ಮೈಯೇ ಹೇಳಿತು: "ಭಯ."

"ಸರಿ. ತಾನಾಗಿ ಕೊಟ್ಟರೆ ಒಂದು ಎಸಳೂ ಸಾಕು. ಕಸಿದುಕೊಂಡರೆ ಗಾಡಿ ತುಂಬ ತಂದರೂ ಬರಿಗೈ. ಏನದು?"

"ದಾನ, ಪ್ರಭು."

"ಕಸಿದ ದಾನದಿಂದಲೂ ನನ್ನ ಬೊಕ್ಕಸ ತುಂಬುತ್ತದಪ್ಪ." ಸಭೆ ನಕ್ಕಿತು. ಅವನನ್ನೂ ಕರೆದೊಯ್ದರು.

ಸುನಂದೆ ಮುಂದೆ ಬಂದಳು. "ಸುಳ್ಳುಗಾರನ ಮಗಳಲ್ಲವೇ?" ಎಂದ ಅರಸ. "ಮೊದಲನೆಯದರ ಉತ್ತರ ಹೊರಬಿದ್ದಿದೆ. ಆ ಭಯವನ್ನು ಎಲ್ಲಿ ಕಂಡೆ, ಅದನ್ನು ಹೇಳು."

"ಇಲ್ಲೇ. ನಮ್ಮ ವ್ಯಾಜ್ಯದ ದಿನ ಸಾಕ್ಷಿಗಳು ಮೊದಲು ಶಿಲೆ ನೋಡಿದರು, ಆಮೇಲೆ ನಿಮ್ಮ ಮುಖ ನೋಡಿದರು, ಆಮೇಲೆ ಬಾಯಿ ತೆರೆದರು. ಹಿತ್ತಲು ನಮ್ಮದೆಂದು ಅವರಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು."

"ಎರಡನೆಯದು?"

"ಭಕ್ತಿ. ಅಪ್ಪನ ಕೈ ಹಿಡಿದು ಶಿಲೆಯ ಕಡೆ ಎಳೆದಿರಿ. ಕೈ ಬಂತು. ಅಷ್ಟೇ ಬಂತು."

ಅರಸ ಹೌದೆಂದು ತಲೆಯಾಡಿಸಿದ. ಬೇಗ ಮುಗಿಸುವವನಂತೆ ಮೂರನೆಯದನ್ನು ಒಪ್ಪಿಸಿದ: "ಕಳ್ಳನಲ್ಲ, ಮೂಢನಲ್ಲ, ಸುಳ್ಳನಲ್ಲ. ಊರೆಲ್ಲ ಪೂಜಿಸುವ ದೊಡ್ಡವನೇ ಇರಬಹುದು. ಆದರೂ ನ್ಯಾಯಪೀಠದ ಹತ್ತಿರ ಕೂರಬಾರದವನು ಯಾರು?"

ಕತ್ತಿಯವನು ಬಾಗಿಲಲ್ಲಿ ಕಾಲು ಬದಲಿಸಿ ನಿಂತ. ಸುನಂದೆ ಪೀಠದ ಹಿಂದೆ ನಿಂತ ಶಿಲೆಯನ್ನು ನೋಡಿದಳು. ಅದರ ಮುಂದೆ ಉರಿಯುತ್ತಿದ್ದ ಬೆಳ್ಳಿ ದೀಪಗಳೆಲ್ಲ ವ್ಯಾಜ್ಯ ಬಾಕಿ ಇದ್ದ ಧಣಿಗಳು ಒಪ್ಪಿಸಿದವು. ಕೆಳಗೆ, ಅಪ್ಪ ಅಂದು ನಿಂತ ಕಡೆಯಲ್ಲೇ, ಈಗ ಅವಳು ನಿಂತಿದ್ದಳು. ಪ್ರತಿವಾದಿ ನಿಲ್ಲುವ ಜಾಗ ಇದು. ಹಾಗಾದರೆ ಅಂದು ವಾದಿ ಎಲ್ಲಿದ್ದ?

"ಯಾರ ವ್ಯಾಜ್ಯ ನಡೆಯುತ್ತಿದೆಯೋ ಅವನು" ಎಂದಳು.

"ಸರಿ" ಎಂದ ಅರಸ. ಬಾಯಿಪಾಠ ಬಾಯಿಂದ ಜಾರಿಬಿಟ್ಟಿತು.

"ಸರಿ ತಾನೇ? ಹಿತ್ತಲು ತನ್ನದೆಂದು ಬಂದ ವಾದಿ ಖಡ್ಗೇಶ್ವರ. ನಮ್ಮಪ್ಪನನ್ನು ಕೆಳಗೆ ನಿಲ್ಲಿಸಿದಿರಿ, ಅವನನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿದಿರಿ. ವಾದಿಯ ಕಾಲು ಹಿಡಿದು ನಿಜ ಹೇಳು ಅಂದಿರಿ. ಅಪ್ಪ ದೇವರನ್ನು ಹಳಿಯಲಿಲ್ಲ, ವಾದಿಯ ಕಾಲು ಹಿಡಿಯಲಿಲ್ಲ, ಅಷ್ಟೇ."

ಗುಡಿಯ ಅರ್ಚಕರು ಎದ್ದರು. "ದೇವರಿಗೆ ಮಣ್ಣಿನ ಆಸೆಯೇ ತಾಯಿ?"

"ಇಲ್ಲದಿದ್ದರೆ ವ್ಯಾಜ್ಯ ಯಾಕೆ ಹೂಡಿಸಿದಿರಿ ಸ್ವಾಮಿ? ಗುಡಿಯಲ್ಲಿ ಅವನು ದೇವರು. ಇಲ್ಲಿಗೆ ತಂದು ಅವನನ್ನು ಕಕ್ಷಿಗಾರ ಮಾಡಿದವರು ನೀವು."

ಡಂಗುರದ ಮಾತಿನಂತೆ ಹಗ್ಗ ಬಂತು, ಆಳುಗಳು ಬಂದರು. ಶಿಲೆ ಮೆಲ್ಲಗೆ ಚಾವಡಿ ದಾಟಿ ಗುಡಿಯ ದಾರಿ ಹಿಡಿಯಿತು. ದೀಪ ಕೊಟ್ಟ ಧಣಿಗಳು ಒಬ್ಬೊಬ್ಬರಾಗಿ ತಮ್ಮ ದೀಪ ಎತ್ತಿಕೊಂಡು ಹೋದರು.

ಅರಸ ಗಂಟಲು ಸರಿಮಾಡಿಕೊಂಡ. "ಹಿತ್ತಲು ಕೊಟ್ಟೆ. ಬಂಗಾರ ಕೊಟ್ಟೆ. ಅರಮನೆಯ ಪಾತ್ರೆಪಡಗ ಇನ್ನು ಮೇಲೆ ನಿಮ್ಮ ಕುಲುಮೆಯಿಂದಲೇ."

"ಹಿತ್ತಲು ನಮ್ಮದೇ, ನೀವು ಕೊಡುವುದೇನಲ್ಲ. ಪಾತ್ರೆಯ ಮಾತು ಅಪ್ಪನ ಹತ್ತಿರ ಆಡಿ. ಬಂಗಾರವನ್ನು ಹೊರಗೆ ತಲೆ ಕಳೆದುಕೊಂಡ ಇಬ್ಬರ ಮನೆಗೆ ಕಳಿಸಿ. ನಾನು ಇನ್ನೂ ಏನನ್ನೂ ಬೇಡಿಲ್ಲ."

"ಮತ್ತೇನು ಬೇಕು?"

"ನಮ್ಮಪ್ಪನನ್ನು ಸುಳ್ಳುಗಾರ ಎಂದದ್ದು ಇದೇ ಸಭೆಯಲ್ಲಿ, ಇದೇ ಪೀಠದಿಂದ."

"ಅರಸರಾದವರು ಹಾಗೆಲ್ಲ ತಪ್ಪೊಪ್ಪಿಕೊಳ್ಳುವ ಪದ್ಧತಿ ಇಲ್ಲಮ್ಮ" ಎಂದ ಮಂತ್ರಿ, ಮೆಲ್ಲಗೆ.

ಸುನಂದೆ ಅವನತ್ತ ತಿರುಗಲಿಲ್ಲ.

"ಅಪ್ಪನನ್ನು ಕರೆಸಿ. ಇವತ್ತು ಇಲ್ಲಿ ಕೂತವರು ಯಾರೂ ಎದ್ದು ಹೋಗಬಾರದು. ಪೀಠದಿಂದ ಇಳಿದು, ಅವರು ನಿಂತಿದ್ದ ಜಾಗಕ್ಕೆ ಬಂದು, ಕ್ಷಮೆ ಕೇಳಿ."