ಇಂಗಾಲದ ಮನೆ ಸೇರಿದ ಚುಕ್ಕವ್ವ

ಇತ್ತ ಬಾ ಕೂಸೇ, ಹೊದ್ದುಕೋ. ಒಂದಾನೊಂದು ಕಾಲದಲ್ಲಿ, ನಮ್ಮೂರೂ ಇಲ್ಲ ಪಕ್ಕದೂರೂ ಇಲ್ಲ ಅನ್ನೋ ಕಾಲದಲ್ಲಿ, ಮೋಡಕ್ಕಿಂತ ಮೇಲೆ ಗಾಳಿಯೋರ ಊರು ಒಂದಿತ್ತಂತೆ. ಕಣ್ಣಿಗೇ ಕಾಣದಷ್ಟು ಚಿಕ್ಕ ಮನೆಗಳು. ಮನೇಲಿ ಕೆಲವರು ಕೆಂಪು ರುಮಾಲು ಸುತ್ತೋರು, ಕೆಲವರು ಬರಿತಲೆಯೋರು. ಎಷ್ಟು ರುಮಾಲು ಇದ್ಯೋ ಅದರ ಮೇಲೆ ಮನೆಗೆ ಹೆಸರು. ಏಳಿದ್ರೆ ಸಾರಜನಕ, ಆರಿದ್ರೆ ಇಂಗಾಲ.

ಅಲ್ಲಿ ಚುಕ್ಕವ್ವ ಅಂತ ಒಬ್ಬಳು ಬರಿತಲೆ ಹುಡುಗಿ ಇದ್ಲಂತೆ. ಒಂದಿನ ನಕ್ಷತ್ರಗಳ ಆಚೆಯಿಂದ ಯಾರೋ ಪುಂಡ ಸವಾರ ಕುದುರೆ ಬಿಟ್ಕೊಂಡು ಬಂದು ಅವಳ ಮನೆಗೇ ಗುದ್ದಿಬಿಟ್ಟನಂತೆ. ಮನೆ ಚೂರುಚೂರು, ಚುಕ್ಕವ್ವ ಹೊರಕ್ಕೆ ಸಿಡಿದ್ಲು. ಬರಿತಲೆಯೋರು ಮನೆ ಇಲ್ದೆ ಬಹಳ ಹೊತ್ತು ಬದುಕೋದಿಲ್ಲವಂತೆ. ಪಾಪ, ಓಡಿದ್ಲು, ಓಡಿದ್ಲು.

ಮೊದಲು ಆಮ್ಲಜನಕದೋರ ಬಾಗಿಲು ಬಡಿದ್ಲು. ಜಾಗ ಇಲ್ಲ ಹೋಗವ್ವ ಅಂದ್ರಂತೆ. ಡಿಕ್ಕಿ ಹೊಡೆದು ಪುಟಿದ್ಲು, ಓಟ ಕಮ್ಮಿಯಾಯ್ತು. ಆಮೇಲೆ ಇನ್ನೊಂದು ಮನೆ, ಅಲ್ಲೂ ಅದೇ ಮಾತು, ಕಾಲು ಸೋತ್ವು. ಆಮೇಲೆ ಮೂರನೇದು, ಸಾರಜನಕದ ಮನೆ. ಏಳು ಜನ ರುಮಾಲಿನೋರು, ಏಳು ಜನ ಬರಿತಲೆಯೋರು. ಹಿರಿಯಳು ಸಾರವ್ವ ಬಾಗಿಲು ತೆಗೆದ್ಲು.

ಮನೆ ಹೋಯ್ತು ದೊಡ್ಡವ್ವ ಅಂತ ಇವಳು ಬಿಕ್ಕಿದ್ಲು. ಒಳಗೆ ಬಾ ಮೊದಲು, ಅಳೋದು ಆಮೇಲೆ ಅಳುವಂತೆ ಅಂದ್ಲಂತೆ ಸಾರವ್ವ.

ಒಳಗೆ ಕಾಲಿಟ್ಟಳೋ ಇಲ್ವೋ, ಇಡೀ ಮನೆ ಗಡಗಡ ನಡುಗ್ತಂತೆ. ಒಬ್ಬರು ಹೊರಗೆ ಹೋಗಲೇಬೇಕು. ಚುಕ್ಕವ್ವ ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದ್ಲು. ಆಗ ಕಿರೀಮಗ ಜಲಪ್ಪ ಎದ್ದು, ನೀನು ಕೂತ್ಕೋ ತಾಯಿ, ರುಮಾಲಿನೋನು ನಾನು, ಹೊರಗಡೆ ನಂಗೇನೂ ಆಗಲ್ಲ, ನಾನೇ ಒಂದು ಮನೆ ಮಾಡ್ಕೋತೀನಿ ಅಂತ ರುಮಾಲು ಬಿಗಿದು ಹೊರಟೇಬಿಟ್ಟನಂತೆ. ಮಾಡಿಯೂ ಮಾಡಿದ, ಊರಿಗೆಲ್ಲ ಪುಟ್ಟದು, ಒಂದೇ ರುಮಾಲಿನ ಜಲಜನಕದ ಮನೆ.

ಇತ್ತ ರುಮಾಲು ಆರೇ ಉಳಿದು ಸಾರವ್ವನ ಮನೆಗೆ ಇಂಗಾಲ ಅಂತ ಹೆಸರಾಯ್ತು. ಆದ್ರೆ ಬೇರೆ ಇಂಗಾಲದೋರಲ್ಲಿ ಬರಿತಲೆ ಆರು, ಇಲ್ಲಿ ಎಂಟು. ಮನೆ ಭಾರ, ಒಂಚೂರು ಅಲ್ಲಾಡೋದು. ನನ್ನಿಂದ ಬಿದ್ದುಹೋಗುತ್ತಾ ಅಂತ ಚುಕ್ಕವ್ವ ಹೆದರಿದ್ಲು. ಸಾರವ್ವ ನಕ್ಕು, ಬೀಳಲ್ಲ ಕಣೇ, ಸಾವಿರಾರು ವರ್ಷ ಕಳೆದು ಬರಿತಲೆಯೋರಲ್ಲೊಬ್ಬಳು ರುಮಾಲು ಸುತ್ಕೊಂಡ್ರೆ ಮತ್ತೆ ಸಾರಜನಕ ಆಗ್ತೀವಿ, ಅಷ್ಟೇ, ಅಲ್ಲೀವರೆಗೂ ಸುಖವಾಗಿರೋಣ ಅಂದ್ಲಂತೆ.

ಆಮೇಲೆ ಆಮ್ಲಜನಕದ ಎರಡು ಮನೆಯೋರು ಬಂದು ಆಚೆಗೊಬ್ಬರು ಈಚೆಗೊಬ್ಬರು ಕೈ ಹಿಡಿದು, ಎಲ್ಲರೂ ಗಾಳೀಲಿ ತೇಲ್ತಾ ತೇಲ್ತಾ ಭೂಮಿಗಿಳಿದು ಒಂದು ಹೀರೇಬಳ್ಳಿಯ ಎಲೆ ಹೊಕ್ಕರಂತೆ. ಎಳೆಬಿಸಿಲು, ಬಳ್ಳಿ ಮೆಲ್ಲಗೆ ತೂಗ್ತಿತ್ತು. ಚುಕ್ಕವ್ವ ಸಾರವ್ವನ ಮಗ್ಗುಲಲ್ಲಿ ಕಾಲು ಚಾಚಿ, ದೊಡ್ಡವ್ವ, ನಾನಿನ್ನು ಎಲ್ಲಿಗೂ ಓಡಲ್ಲ ಅಂದ್ಲಂತೆ. ಅಲ್ಲಿಗೆ ಅವಳಿಗೂ ನಿದ್ದೆ, ಕತೆಗೂ ನಿದ್ದೆ.