ಅಳುಬುರುಜಿನ ನಗಾರಿ

ಡೋಣಿ ನದಿಯ ದಂಡೆಯ ಕರಿಮಟ್ಟಿ ಕೋಟೆಯಲ್ಲಿ ಇಂದು ಉಳಿದಿರುವುದು ಒಂದೇ ಬುರುಜು. ಮಿಕ್ಕ ಗೋಡೆಯ ಕಲ್ಲುಗಳನ್ನೆಲ್ಲ ಊರವರು ಎಂದೋ ಹೊತ್ತೊಯ್ದು ದನದ ಕೊಟ್ಟಿಗೆ ಕಟ್ಟಿಕೊಂಡಿದ್ದಾರೆ. ಇದರದೊಂದು ಕಲ್ಲನ್ನೂ ಮುಟ್ಟಿಲ್ಲ. ಇದರ ಹೆಸರು ಅಳುಬುರುಜು. ಮದುವೆಯ ಮೆರವಣಿಗೆ ಇದರ ಕೆಳಗೆ ಬಂದೊಡನೆ ಬ್ಯಾಂಡಿನವರು, ಎಷ್ಟೇ ಅಮಲಿನಲ್ಲಿರಲಿ, ತೆಪ್ಪಗೆ ದಾಟುತ್ತಾರೆ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಈ ಬುರುಜಿನ ಮೇಲೆ ನಗಾರಿ ಬಾರಿಸುತ್ತಿದ್ದವನು ರೈಹಾನನೆಂಬ ಹಬಶಿ. ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮನಾಗಿ ಬಂದವನಿಗೆ ತನ್ನವನೆಂದು ಇದ್ದವನು ತಮ್ಮ ಮರ್ಜಾನ ಒಬ್ಬನೇ. ಕೋಟೆಯ ಕಿಲ್ಲೇದಾರನಿಗೆ ಗೋಡೆ ಬೇಗ ಏಳಬೇಕಿತ್ತು. ಜ್ವರದಲ್ಲಿ ನಡುಗುತ್ತಿದ್ದ ಮರ್ಜಾನನ ಮೇಲೂ ಕಲ್ಲು ಹೊರಿಸಿದ. ಹುಡುಗ ಮೇಲಿನಿಂದ ಬಿದ್ದು ಸತ್ತ. ಸತ್ತವನ ಜೀವ ನಗಾರಿಯ ಸದ್ದಿನ ಬೆನ್ನು ಹಿಡಿದು ಕಡಲು ದಾಟಿ ಹಿರಿಯರನ್ನು ಸೇರುತ್ತದೆ, ಆದ್ದರಿಂದ ಮಣ್ಣು ಮುಚ್ಚುವವರೆಗೆ ಬಾರಿಸಬೇಕು, ಮುಚ್ಚಿದೊಡನೆ ನಿಲ್ಲಿಸಬೇಕು ಎಂಬುದು ಆ ಜನರ ನಂಬಿಕೆ. ರೈಹಾನ ಕಾಲು ಹಿಡಿದು ಅಪ್ಪಣೆ ಬೇಡಿದ. "ನಗಾರಿ ಇರೂದು ನನ್ನ ಸಲುವಾಗಿ. ಕಲ್ಲು ಹೊರಾವ ಸತ್ರ ಯಾಕ ಬಡೀಬೇಕು?" ಎಂದು ಕಿಲ್ಲೇದಾರ ನಕ್ಕನಂತೆ. ಮರ್ಜಾನನನ್ನು ನಾಯಿಯನ್ನು ಹೂಳುವಂತೆ ಹೂತರು. ರೈಹಾನನ ಹೊಟ್ಟೆಗೆ ಅಂದು ಬಿದ್ದ ಬೆಂಕಿ ಆರಲೇ ಇಲ್ಲ.

ಮರುದಿನದಿಂದ ನಗಾರಿಯ ಬಡಿತ ಬದಲಾಯಿತು. ತೂಗಿ ತೂಗಿ ಬರುವ ಹೊಸ ಗತ್ತಿಗೆ ಕಿಲ್ಲೇದಾರ ತಲೆದೂಗಿದ. ಇರಾನಿನಿಂದ ಬಂದಿದ್ದ ಅವನ ವಾದ್ಯಗಾರರೂ ಭೇಷ್ ಎಂದರು. ಕಿಲ್ಲೇದಾರ ರೈಹಾನನಿಗೆ ಶಾಲು ಹೊದಿಸಿ, ದಿನಾ ಬೆಳಿಗ್ಗೆಯೂ ಹಬ್ಬಹುಣ್ಣಿಮೆಗೂ ಇದನ್ನೇ ಬಾರಿಸಬೇಕೆಂದು ಹುಕುಂ ಮಾಡಿದ. ರೈಹಾನ ಬಗ್ಗಿ ಸಲಾಮು ಹೊಡೆದ. ವರ್ಷಗಳು ಉರುಳಿ ಕಿಲ್ಲೇದಾರನ ಮಗನ ಮದುವೆ ಬಂತು. ಊಟಕ್ಕೆ ಕುಳಿತಿದ್ದ, ಸಮುದ್ರದ ಕಡೆಯ ಮುದುಕ ಹಬಶಿ ಸರದಾರನೊಬ್ಬ ನಗಾರಿ ಕೇಳಿದವನೇ ತುತ್ತು ಬಿಟ್ಟು ಎದ್ದ. "ಯಾರು ತೀರಿಕೊಂಡ್ರು? ಇದು ನಮ್ಮವರು ಹೆಣದ ಮುಂದ ಬಡಿಯೂದು" ಎಂದ.

ರೈಹಾನನನ್ನು ದರದರನೆ ಎಳೆತಂದರು. ಯಾರ ಹೆಣಕ್ಕೆ ಬಾರಿಸಿದೆ ಎಂದು ಕಿಲ್ಲೇದಾರ ಕತ್ತಿ ಹಿರಿದ.

"ನಿಮ್ಮ ಸಲುವಾಗಿ, ಸರಕಾರ. ನಗಾರಿ ಇರೂದು ನಿಮ್ಮ ಸಲುವಾಗಿ ಅಂತ ನೀವ ಅಂದಿದ್ರಿ. ಕಡೀರಿ ನನ್ನ. ಒಂದ ದಿನ ಈ ಬಡಿತ ನಿಂತ್ರ ನಿಮಗ ಮಣ್ಣ ಮುಚ್ಚಿದಂಗ."

ಕತ್ತಿ ತಾನಾಗಿ ಕೆಳಗಿಳಿಯಿತು. ಅಂದಿನಿಂದ ಕಿಲ್ಲೇದಾರನೇ ಬೆಳಗಾಗುವ ಮುಂಚೆ ಆಳು ಕಳಿಸಿ, ಬಾರಿಸು, ನಿಲ್ಲಿಸಬೇಡ ಎಂದು ಗೋಗರೆಯತೊಡಗಿದ. ಬದುಕಿರುವವನಿಗಾಗಿ ಬುರುಜು ಅಳುತ್ತಿದೆ ಎಂದು ಊರು ಆಡಿಕೊಂಡಿತು. ಹೆಸರು ನಿಂತದ್ದು ಹೀಗೆ ಎನ್ನುತ್ತಾರೆ. ಕಿಲ್ಲೇದಾರನ ಭಯವನ್ನು ರೈಹಾನ ಬೆಲ್ಲದಂತೆ ಚಪ್ಪರಿಸಿದ. ಸಾಕೆನಿಸಿದ ದಿನ ನಗಾರಿಯನ್ನು ಎತ್ತಿನ ಮೇಲೆ ಹೇರಿ ತಮ್ಮನ ಗೋರಿಯತ್ತ ಹೊರಟ. ಕಿಲ್ಲೇದಾರ ಬರಿಗಾಲಲ್ಲಿ ಬೆನ್ನಿಗೆ ಓಡಿದ. "ಕೈ ಮುಗೀತೀನಿ, ಬಡಿಯೋ!"

"ಬಡೀತೀನಿ. ಆದ್ರ ಇದು ನಿಮ್ಮದಲ್ಲ" ಎಂದ ರೈಹಾನ. ಹೊತ್ತು ಮುಳುಗುವವರೆಗೆ ಮರ್ಜಾನನಿಗಾಗಿ ಬಾರಿಸಿದ, ಅಳುತ್ತ ಬಾರಿಸಿದ. ಆಮೇಲೆ ಕೋಲುಗಳನ್ನು ಕೆಳಗಿಟ್ಟ. ಆ ಮೌನಕ್ಕೆ ಕಿಲ್ಲೇದಾರ ಕುಸಿದುಬಿದ್ದವನು ಮತ್ತೆ ಏಳಲಿಲ್ಲ.

ಬುರುಜು ದಾಟಿದರೆ ಬೇವಿನ ಕೆಳಗೆ ಮಣ್ಣಿನ ದಿಬ್ಬವೊಂದಿದೆ. ಬುರುಜಿನ ಕೆಳಗೆ ವಾದ್ಯ ನಿಲ್ಲಿಸಿ ಬಂದ ಬ್ಯಾಂಡಿನವರು ಅಲ್ಲಿ ನಿಂತು ಒಂದು ಸುತ್ತು ಬಾರಿಸಿಯೇ ಮುಂದೆ ಹೋಗುತ್ತಾರೆ. ಮರ್ಜಾನನಿಗೆ ಎನ್ನುತ್ತಾರೆ. ಪಕ್ಕದಲ್ಲಿ ಕಿಲ್ಲೇದಾರನ ಗುಮ್ಮಟವೂ ಇದೆ. ಮಳೆ ಬಂದರೆ ಅದರೊಳಗೆ ಆಡುಗಳು ನಿಲ್ಲುತ್ತವೆ. ಅವನ ಹೆಸರೇನೆಂದು ಕೇಳಿ ನೋಡಿ, ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ.